ಕೆರೆ ನೋಡದೆ ಪರಿಸರ ಪಾಸು ಮಾಡುವ ಬಗೆ

ಪರಿಸರ ವಿಜ್ಞಾನದಲ್ಲಿ ಎಮ್ಮೆಸ್ಸಿ ಮಾಡಬೇಕೆಂದು ಆಸೆಪಡುವ ನಿವೃತ್ತರಿಗೆ ಮೊದಲೇ ಒಂದು ಶುಭಸಮಾಚಾರ: ಈ ಕೋರ್ಸಿಗೆ ಪರಿಸರ ಕಡ್ಡಾಯವಲ್ಲ. ಮಂಡಿನೋವಿದ್ದರೂ ಪರವಾಗಿಲ್ಲ, ಕಣ್ಣಿಗೆ ಪೊರೆ ಬಂದಿದ್ದರೂ ನಡೆಯುತ್ತದೆ, ಇಂಬಳ ಕಂಡರೆ ಹೆದರಿಕೆಯಾದರೆ ಇನ್ನೂ ಒಳ್ಳೆಯದು. ಬೇಕಾದದ್ದು ಚಾರ್ಜ್ ಇರುವ ಫೋನು, ಮನೆಯಲ್ಲಿ ವೈಫೈ, ಕಾಪಿ-ಪೇಸ್ಟ್ ಒತ್ತಲು ನಡುಗದ ಒಂದು ಬೆರಳು. ಕಾಡು, ಕೆರೆ, ಕಪ್ಪೆ ಇತ್ಯಾದಿ ಕಿರಿಕಿರಿಗಳನ್ನೆಲ್ಲ ಚಾಟ್‌ಬಾಟ್ ನೋಡಿಕೊಳ್ಳುತ್ತದೆ.

ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ಬೆಳೆ ಬಾರದ ನೆಲ ಎದುರಾದಾಗಲೆಲ್ಲ ದಾಖಲೆಯಲ್ಲಿ ‘ಖರಾಬು’ ಎಂದು ಬರೆಯುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಬಂಡೆ ಖರಾಬು, ಹಳ್ಳ ಖರಾಬು, ಜವುಗು ಖರಾಬು. ಪೆನ್ಷನ್ ಶುರುವಾದ ಮೇಲೆ ತಿಳಿದದ್ದೇನೆಂದರೆ, ಜೀವವೈವಿಧ್ಯ ಹುಡುಕುವ ವಿಜ್ಞಾನಿಗಳು ಹೋಗುವುದು ಹೆಚ್ಚುಕಡಿಮೆ ನಮ್ಮ ಖರಾಬಿನ ಪಟ್ಟಿ ಹಿಡಿದೇ. ಕುತೂಹಲ ತಡೆಯಲಾಗಲಿಲ್ಲ. ಹಳೇ ಕಾಲದ ಸಿಬಿಝಡ್ ಬಿಎಸ್ಸಿ ಸರ್ಟಿಫಿಕೇಟಿನ ಧೂಳು ಕೊಡವಿ ಅರ್ಜಿ ಹಾಕಿದೆ. “ರೀ, ಶುಗರ್ ಇದೆ, ವಾಕಿಂಗ್ ಹೋಗಿ ಅಂದ್ರೆ ಎಮ್ಮೆಸ್ಸಿಗೆ ಹೋಗ್ತೀರಲ್ರೀ” ಎಂದಳು ಹೆಂಡತಿ. ಗೇಟಿನಲ್ಲಿ ಸೆಕ್ಯುರಿಟಿಯವನು ಎದ್ದುನಿಂತು ಸೆಲ್ಯೂಟ್ ಹೊಡೆದು, “ನ್ಯಾಕ್ ಕಮಿಟಿಯವ್ರಾ ಸಾರ್?” ಎಂದು ಕೇಳಿದ. ಅಲ್ಲಪ್ಪಾ, ಸ್ಟೂಡೆಂಟು ಎಂದ ಮೇಲೆ ಕೂತುಕೊಂಡೇ ಐಡಿ ಕಾರ್ಡ್ ನೋಡಿದ. ಸಹಪಾಠಿಗಳಿಗೆ ನಾನು ಅಂಕಲ್. ಪಾಠ ಹೇಳುವ ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವರು. ನಾನು ಅವರಿಗೆ ಸಾರ್ ಅನ್ನುತ್ತೇನೆ, ಅವರು ನನಗೆ ಸಾರ್ ಅನ್ನುತ್ತಾರೆ. ಹೀಗೆ ಪರಸ್ಪರ ಗೌರವದಲ್ಲೇ ಪೀರಿಯಡ್ಡಿನ ಕಾಲುಭಾಗ ಕಳೆದುಹೋಗುತ್ತದೆ.

ಮೊದಲ ಅಸೈನ್‌ಮೆಂಟು: ನಿಮ್ಮ ಮನೆಯ ಹತ್ತಿರದ ಕೆರೆಯ ಪರಿಸರ ಅಧ್ಯಯನ. ಈ ವಾಕ್ಯವನ್ನು ನಿಜವೆಂದೇ ತಿಳಿದು ಕೆರೆಗೆ ಹೋದವನು ಇಡೀ ತರಗತಿಯಲ್ಲಿ ನಾನೊಬ್ಬ. ಏರಿಯ ಮೇಲೆ ನಡೆದೆ. ತೂಬು ಎಲ್ಲಿ ಹೂತುಹೋಗಿದೆ, ಕೋಡಿ ಯಾರ ಕಾಂಪೌಂಡಿನೊಳಗೆ ಸೇರಿಕೊಂಡಿದೆ, ಯುಜಿಡಿ ನೀರು ಯಾವ ಮೋರಿಯಿಂದ ಬಂದು ಬೀಳುತ್ತದೆ ಎಂದೆಲ್ಲ ಗುರುತು ಹಾಕಿಕೊಂಡೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆಗಳನ್ನು ಎಣಿಸಿದೆ. ನಾನು ಹುಡುಗನಾಗಿದ್ದಾಗ ಈ ಕೆರೆ ತುಂಬಿ ಕೋಡಿ ಬಿದ್ದರೆ ಊರಿನವರು ಮಂಗಳಾರತಿ ಮಾಡಿ ಬಾಗಿನ ಬಿಡುತ್ತಿದ್ದರೆಂದೂ ಈಗ ತುಂಬಿದರೆ ಮೂರನೇ ಕ್ರಾಸಿನವರು ಕಾರ್ಪೊರೇಷನ್ನಿಗೆ ಬೈಯುತ್ತಾರೆಂದೂ ವರದಿಯಲ್ಲಿ ಬರೆದೆ.

ಪಕ್ಕದ ಬೆಂಚಿನ ಹುಡುಗನ ವರದಿಯಲ್ಲಿ ಬಯಲುಸೀಮೆಯ ಅದೇ ಕೆರೆಯ ದಡದಲ್ಲಿ ದಟ್ಟವಾದ ಕಾಂಡ್ಲಾ ಕಾಡು! ಕುಂದಾಪುರದ ಕಡೆ ಉಪ್ಪುನೀರಿನಲ್ಲಿ ಬೇರೂರಬೇಕಾದ ಗಿಡ ಘಟ್ಟ ಹತ್ತಿ ನಮ್ಮ ಬಡಾವಣೆಗೆ ಬಂದು ಸೈಟು ಹಿಡಿದಿತ್ತು. “ಕಾಂಡ್ಲಾ ಎಲ್ಲಿ ಕಂಡೆಯಪ್ಪಾ?” ಅಂದೆ. “ಕೆರೆ ಅಂದ್ರೆ ವೆಟ್‌ಲ್ಯಾಂಡ್, ವೆಟ್‌ಲ್ಯಾಂಡ್ ಅಂದ್ರೆ ಮ್ಯಾಂಗ್ರೋವ್ ಇರುತ್ತೆ ಅಂತ ಅದೇ ಹೇಳ್ತು ಅಂಕಲ್” ಅಂದ. ಅವನಿಗೆ ಹತ್ತಕ್ಕೆ ಒಂಬತ್ತು ಬಂತು, ನನಗೆ ಆರು. ಕಾರಣ ಕೇಳಿದೆ. “ಉಲ್ಲೇಖ ಇಲ್ವಲ್ಲ ಸಾರ್” ಎಂದರು ಮೇಷ್ಟ್ರು. “ನಾನೇ ಹೋಗಿ ನೋಡಿದ್ದು ಸಾರ್.” “ಹಾಗೆಲ್ಲ ನೋಡಿದ್ದನ್ನ ಬರೆಯೋಕಾಗಲ್ಲ ಸಾರ್, ಸೋರ್ಸ್ ಬೇಕು.” ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಿದ್ದರು ಹಿರಿಯರು. ಈಗಿನ ನಿಯಮದಲ್ಲಿ ಕಣ್ಣಾರೆ ಕಂಡದ್ದೇ ಅನರ್ಹತೆ.

ಆ ಹುಡುಗನ ವರದಿಯ ಕೊನೆಯಲ್ಲಿ ಉದ್ದದ ಉಲ್ಲೇಖಪಟ್ಟಿ ಇತ್ತು. ಹಳೇ ಚಾಳಿ, ಒಂದೊಂದನ್ನೇ ಲೈಬ್ರರಿಯಲ್ಲಿ ತಾಳೆ ನೋಡಿದೆ. ನಿಯತಕಾಲಿಕೆಗಳು ನಿಜ, ಲೇಖಕರು ನಿಜ, ಸಂಪುಟ ಸಂಖ್ಯೆಯೂ ನಿಜ, ಪ್ರಬಂಧ ಮಾತ್ರ ಈ ಭೂಮಿಯ ಮೇಲೆ ಯಾರೂ ಬರೆದಿಲ್ಲ. ನಮ್ಮ ಇಲಾಖೆಯಲ್ಲಿ ಇಂಥದ್ದನ್ನು ಖೊಟ್ಟಿ ದಾಖಲೆ ಅನ್ನುತ್ತಿದ್ದೆವು, ಸಸ್ಪೆಂಡ್ ಮಾಡುತ್ತಿದ್ದರು. ಇಲ್ಲಿ ಒಂಬತ್ತು ಅಂಕ ಕೊಡುತ್ತಾರೆ.

ಇದಾದ ಮರುವಾರವೇ ಪಾಠದಲ್ಲಿ ಡೇನಿಯಲ್ ಪಾಲಿ ಎಂಬ ಮೀನುಗಾರಿಕಾ ವಿಜ್ಞಾನಿ ಬಂದರು. ಪ್ರತಿ ತಲೆಮಾರೂ ತಾನು ಕಣ್ಣು ಬಿಟ್ಟಾಗ ಕಂಡ ಸ್ಥಿತಿಯನ್ನೇ ಸಹಜವೆಂದು ತಿಳಿಯುತ್ತದೆ, ಅದಕ್ಕೂ ಮುಂಚೆ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ ಎಂದು ಅವರು 1995ರಲ್ಲೇ ಎಚ್ಚರಿಸಿದ್ದರು. ಮುದುಕರ ನೆನಪನ್ನೂ ವಿಜ್ಞಾನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅವರ ವಾದದ ಸಾರ. ಮೇಷ್ಟ್ರು ಬಹಳ ಚೆನ್ನಾಗಿ ವಿವರಿಸಿದರು. ಆ ಕೆರೆ ಕೋಡಿ ಬಿದ್ದದ್ದನ್ನು ಕಂಡ ಏಕೈಕ ಜೀವಿ ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿತ್ತು. ಪಾಲಿ ಸೋರ್ಸ್ ಆದರು, ಆ ಜೀವಿ ಮಾತ್ರ ಆಗಲಿಲ್ಲ.

ಚಾಟ್‌ಬಾಟ್ ಸುಳ್ಳು ಹೇಳುತ್ತದೆ ಎಂದು ಬೈಯುವವರಿದ್ದಾರೆ. ಪಾಪ, ಸುಳ್ಳು ಹೇಳಲು ನಿಜ ಗೊತ್ತಿರಬೇಕು. ಅದಕ್ಕೆ ಗೊತ್ತಿರುವುದು ಯಾವ ಪದದ ಹಿಂದೆ ಯಾವ ಪದ ಬಂದರೆ ಚೆಂದ ಎಂಬುದು. ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಸೂತ್ರ ಬರೆದರು. 1951ರಲ್ಲಿ ಅವರೇ, ವಾಕ್ಯದ ಮುಂದಿನ ಅಕ್ಷರ ಯಾವುದೆಂದು ಮನುಷ್ಯರಿಂದ ಊಹೆ ಮಾಡಿಸಿ ಇಂಗ್ಲಿಷ್ ಭಾಷೆಯಲ್ಲಿ ಎಷ್ಟು ಭಾಗ ಊಹೆಗೆ ನಿಲುಕುತ್ತದೆ ಎಂದು ಲೆಕ್ಕ ಹಾಕಿದರು. ಇಂದಿನ ಚಾಟ್‌ಬಾಟು ಅದೇ ಊಹೆಯಾಟದ ಮರಿಮಗ. ಸ್ಪೇನ್ ದೇಶದ ಪರಿಸರ ವಿಜ್ಞಾನಿ ರಾಮೋನ್ ಮಾರ್ಗಲೆಫ್ 1950ರ ದಶಕದಲ್ಲಿ ಶಾನನ್‌ರ ಆ ಸೂತ್ರವನ್ನೇ ಜೀವಿಗಳ ಎಣಿಕೆಗೆ ಒಗ್ಗಿಸಿದರು. ನಮ್ಮ ಪ್ರಾಕ್ಟಿಕಲ್ಸಿನಲ್ಲಿ ಅದು ಶಾನನ್ ಸೂಚ್ಯಂಕ. ಒಂದು ಜಾಗದಲ್ಲಿ ಹತ್ತಾರು ಜಾತಿ ಸಮಸಮವಾಗಿದ್ದರೆ ಅಂಕಿ ಏರುತ್ತದೆ. ಒಂದೇ ಜಾತಿ ಇದ್ದರೆ ಸೊನ್ನೆ.

ಕೈಯಲ್ಲಿ ಸೂತ್ರ ಇತ್ತು, ಎದುರಿಗೆ ತರಗತಿಯವರ ವರದಿಗಳ ರಾಶಿ ಇತ್ತು. ಲೆಕ್ಕ ಹಾಕಿದೆ. ಎಲ್ಲದರಲ್ಲೂ ಅದೇ ಪೀಠಿಕೆ, “ಪರಿಸರವು ಮಾನವಕುಲದ ಅಮೂಲ್ಯ ಸಂಪತ್ತು” ಎಂಬ ಅದೇ ಕಣ್ಣೀರು, ಸಮುದಾಯದ ಸಹಭಾಗಿತ್ವ ಬೇಕೆಂಬ ಅದೇ ಉಪಸಂಹಾರ. ಜೀವವೈವಿಧ್ಯ ಕುರಿತ ಬರಹಗಳ ವೈವಿಧ್ಯ ಸೂಚ್ಯಂಕ ಸೊನ್ನೆಗೆ ಬಹಳ ಹತ್ತಿರವಿತ್ತು. ಸೊನ್ನೆಯೇ ಆಗದಂತೆ ತಡೆದದ್ದು ನನ್ನ ಆರು ಅಂಕದ ವರದಿ. ಇಂಥ ಏಕರೂಪ ನಮಗೇನೂ ಹೊಸದಲ್ಲ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಿದ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲೇ ಸಾಲುಸಾಲಾಗಿ ನೀಲಗಿರಿ ಬೆಳೆಸಿದೆವು. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಖಾಲಿ ಬಿದ್ದ ಹುಲ್ಲುಗಾವಲನ್ನು ಏನು ಮಾಡಲಿ ಎಂದು ಚಾಟ್‌ಬಾಟನ್ನು ಕೇಳಿದರೆ ಮೊದಲು ಬಂದ ಸಲಹೆ: ಗಿಡ ನೆಡಿ. ನಮ್ಮ ಇಲಾಖೆಗಳ ಕಡತಗಳನ್ನು ಶ್ರದ್ಧೆಯಿಂದ ಓದಿಕೊಂಡಿದೆ ಎಂದು ಅನಿಸಿತು.

ಕೆರೆಯಲ್ಲಿ ಕಾಂಡ್ಲಾ ಬೆಳೆದರೆ ಯಾರಿಗೂ ಜೀವಹಾನಿಯಿಲ್ಲ. ಅಣಬೆಯಲ್ಲಿ ಇದೆ. ಯಂತ್ರ ಬರೆದಂತೆ ಕಾಣುವ ಕಾಡಣಬೆ ಕೈಪಿಡಿಗಳು ಆನ್‌ಲೈನ್ ಅಂಗಡಿಗೆ ಬಂದಿವೆ, ಅವನ್ನು ನಂಬಿ ತಿಂದರೆ ಪ್ರಾಣಕ್ಕೆ ಸಂಚಕಾರ ಎಂದು 2023ರಲ್ಲಿ ನ್ಯೂಯಾರ್ಕಿನ ಅಣಬೆ ಅಧ್ಯಯನಕಾರರ ಸಂಘವೇ ಎಚ್ಚರಿಸಬೇಕಾಯಿತು. ಮಲೆನಾಡಿನ ಅಜ್ಜಿಯರು ಆಷಾಢದ ಮಳೆಯಲ್ಲಿ ಯಾವುದನ್ನು ಕೀಳಬೇಕು, ಯಾವುದನ್ನು ಮುಟ್ಟಬಾರದು ಎಂದು ಮೊಮ್ಮಕ್ಕಳಿಗೆ ತೋರಿಸಿ ಹೇಳುತ್ತಿದ್ದರು. ಅವರ ವಿದ್ಯೆಗೆ ಉಲ್ಲೇಖಪಟ್ಟಿ ಇರಲಿಲ್ಲ. ತಪ್ಪು ಹೇಳಿದ ಅಜ್ಜಿಯ ವಂಶ ಮುಂದುವರಿಯುತ್ತಿರಲಿಲ್ಲ, ಅಷ್ಟೇ.

ಎರಡನೇ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯ ಎಚ್ಚೆತ್ತಿತು. ಯಂತ್ರ ಬರೆದದ್ದನ್ನು ಹಿಡಿಯಲು ಇನ್ನೊಂದು ಯಂತ್ರ ತಂದಿತು. ಕಾಂಡ್ಲಾ ಹುಡುಗ ತನ್ನ ಬರಹವನ್ನು ‘ಮನುಷ್ಯರಂತೆ ಮಾಡಿಕೊಡುವ’ ಮೂರನೇ ಯಂತ್ರದಲ್ಲಿ ತೊಳೆಸಿ ಪಾರಾದ. ಸಿಕ್ಕಿಬಿದ್ದವನು ನಾನು. ನನ್ನ ಇಂಗ್ಲಿಷು ಬಹುಪಾಲು ಯಂತ್ರದ್ದೆಂದು ತೀರ್ಪು ಬಂತು. ಯೋಚಿಸಿದರೆ ತೀರ್ಪು ಪೂರ್ತಿ ತಪ್ಪೂ ಅಲ್ಲ. ಜೀವಮಾನವಿಡೀ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ’ ಎಂದು ಟಿಪ್ಪಣಿ ಬರೆದ ಕೈ ಇದು. ಯಾರೂ ಮಾತಾಡದ, ಯಾರಿಗೂ ಸೇರದ, ಯಾರ ಮೇಲೂ ಜವಾಬ್ದಾರಿ ಹೊರಿಸದ ಗದ್ಯವನ್ನು ಸರ್ಕಾರಿ ಕಚೇರಿಗಳು ಚಾಟ್‌ಬಾಟಿಗಿಂತ ನೂರು ವರ್ಷ ಮೊದಲೇ ಸಿದ್ಧಿಸಿಕೊಂಡಿದ್ದವು. ರಾಯಧನ ಕೇಳಬೇಕಾದವರು ನಾವು.

ನನ್ನ ಪರವಾಗಿ ಸೋರ್ಸ್ ಕೂಡ ಹುಡುಕಿಟ್ಟುಕೊಂಡೆ, ಪಾಠ ಕಲಿತಿದ್ದೇನಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಇಂಥ ಏಳು ಪತ್ತೆಯಂತ್ರಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಉಣಿಸಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಯಂತ್ರದ್ದೆಂದು ಅವು ಸಾರಿದವು. ಚಾಟ್‌ಜಿಪಿಟಿ ಹುಟ್ಟಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆಯಂತ್ರ ತಂದು, ನಿಖರತೆ ಸಾಲದೆಂದು ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಇದನ್ನೆಲ್ಲ ತೋರಿಸಿದಾಗ ಮೇಷ್ಟ್ರು ಮೆಚ್ಚಿಕೊಂಡರು. “ತುಂಬಾ ಚೆನ್ನಾಗಿದೆ ಸಾರ್. ಚಾಟ್‌ಬಾಟಲ್ಲಿ ಹುಡುಕಿದ್ರಾ?”

ಈ ಹಂತದಲ್ಲಿ ಓದುಗರು ಯಂತ್ರಕ್ಕೆ ಹಿಡಿಶಾಪ ಹಾಕುತ್ತಿರಬಹುದು. ದಯವಿಟ್ಟು ಹಾಕಬೇಡಿ. ಎಮ್ಮೆಸ್ಸಿಯಲ್ಲಿ ನಾನು ನಿಜಕ್ಕೂ ಕಲಿತ ಒಂದು ಪಾಠವಿದೆ. ಅಮೆರಿಕ ಖಂಡದ ಲಂಟಾನ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ಇಲ್ಲಿಗೆ ತಂದರು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರದ್ದೇ ದರ್ಬಾರು. ಆದರೆ ಅದು ದಟ್ಟ ಕಾಡಿನ ನೆರಳಿಗೆ ಸುಲಭವಾಗಿ ಕಾಲಿಡುವುದಿಲ್ಲ. ಮರ ಕಡಿದ, ನೆಲ ಕೆದಕಿದ, ಬಿಸಿಲು ಬಿದ್ದ ಜಾಗ ಸಿಕ್ಕರೆ ಮಾತ್ರ ಹಬ್ಬುತ್ತದೆ. ಮೊದಲು ಕೆಡುವುದು ನೆಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ಹಿಂದೆ ನಾವು ವರ್ಷವರ್ಷ ತರಗು ಬೆಂಕಿ ಹಾಕುತ್ತಿದ್ದೆವು, ಒಣಗಿದ ಎಲೆಯ ಜತೆ ಲಂಟಾನದ ಸಸಿಯೂ ಸುಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು, ಲಂಟಾನ ಆಳತೊಡಗಿತು. ಸಂಶೋಧಕರು ಅವರ ಮಾತಿಗೆ ಕಿವಿಗೊಡುವ ಹೊತ್ತಿಗೆ ಕಾಡಿನ ತಳವೆಲ್ಲ ಲಂಟಾನವಾಗಿತ್ತು.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ನಮ್ಮ ನೆಲ ಕೆಟ್ಟದ್ದು ಯಾವಾಗ? ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದು ಹೇಳಿತು. ಕೋರ್ಟಿನ ಉದ್ದೇಶ ದೊಡ್ಡದು. ಯುಜಿಸಿ ಎಲ್ಲ ಪದವಿಗಳಿಗೂ ಅನ್ವಯಿಸುವಂತೆ ರೂಪಿಸಿದ ಪಠ್ಯದಲ್ಲಿ 50 ತಾಸಿನ ಪಾಠ, ಅದರಲ್ಲಿ ಹೊರಗೆ ಹೋಗಿ ನೋಡುವುದಕ್ಕೆ 5 ತಾಸು. ಆ ಐದನ್ನೂ ಕಾಲೇಜುಗಳು ಪೋರ್ಷನ್ ಮುಗಿಸಲು ಬಳಸಿಕೊಂಡವು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಕ್ಕಳು ‘ಪರಿಸರ ಎಂದರೇನು, ವ್ಯಾಖ್ಯಾನಿಸಿ’ ಎಂಬ ಎರಡು ಅಂಕದ ಪ್ರಶ್ನೆಗೆ ಗೈಡು ನೋಡಿ ಉರು ಹೊಡೆದರು. ಹರ್ಬೇರಿಯಂ ಹಾಳೆಗಳು ಸೀನಿಯರಿಂದ ಜೂನಿಯರಿಗೆ ವಂಶಪಾರಂಪರ್ಯವಾಗಿ ಇಳಿದುಬಂದವು. ಒಂದೇ ತುಂಬೆ ಗಿಡ ಮೂರು ಬ್ಯಾಚನ್ನು ಪಾಸು ಮಾಡಿಸಿದ ಉದಾಹರಣೆಗಳಿವೆ. ಪ್ರಾಜೆಕ್ಟ್ ರಿಪೋರ್ಟ್ ಬೇಕೆಂದರೆ ಝೆರಾಕ್ಸ್ ಅಂಗಡಿಯಲ್ಲಿ “ಹೆಸರು ಮಾತ್ರ ಬದಲಾಯಿಸಬೇಕಾ, ಕೆರೆಯ ಹೆಸರೂ ಬದಲಾಯಿಸಬೇಕಾ?” ಎಂದು ಕೇಳಿ ಸ್ಪೈರಲ್ ಬೈಂಡಿಂಗ್ ಮಾಡಿಕೊಡುತ್ತಿದ್ದರು. ಬುಡ ಬೋಳಾಗಿ, ಬಿಸಿಲು ಚೆನ್ನಾಗಿ ಬಿದ್ದ ಇಂಥ ನೆಲದ ಮೇಲೆ ಚಾಟ್‌ಬಾಟ್ ಬೀಜ ಬಿದ್ದರೆ ಹಬ್ಬದೆ ಇನ್ನೇನು ಮಾಡೀತು? ಅದು ಮಾಡಿದ್ದು ಇಷ್ಟೇ: ಝೆರಾಕ್ಸ್ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯಿತು.

ಕೆಡದ ನೆಲವೂ ಒಂದಷ್ಟು ಉಳಿದಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ನಮ್ಮನ್ನು ಟೂರ್ ಕರೆದುಕೊಂಡು ಹೋಗಿದ್ದರು. ಅಲ್ಲಿ ರಾಮಪತ್ರೆ ಜಡ್ಡಿ ಇದೆ. ಜಾಯಿಕಾಯಿಯ ನೆಂಟ ಮರಗಳು ವರ್ಷವಿಡೀ ಒದ್ದೆಯಾದ ಕೆಸರಲ್ಲಿ ನಿಲ್ಲುವ ಬಲು ಹಳೆಯ ಕಾಡು. ಕೆಸರಲ್ಲಿ ಗಾಳಿ ಸಾಲದೆಂದು ಕೆಲವು ಮರಗಳು ಬೇರನ್ನು ಮಂಡಿಯಂತೆ ಬಾಗಿಸಿ ನೆಲದ ಮೇಲೆತ್ತಿ ಉಸಿರಾಡುತ್ತವೆ. ಮಂಡಿಯನ್ನು ಇಷ್ಟು ಸಾರ್ಥಕವಾಗಿ ಬಳಸಿಕೊಳ್ಳುವುದು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಗೇರು ಕುಟುಂಬದ ಒಂದು ಮರವನ್ನು 2000ನೇ ಇಸವಿಯಲ್ಲಿ ವಿಜ್ಞಾನಕ್ಕೆ ಹೊಸತೆಂದು ಗುರುತಿಸಿ, ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್.

ಜಡ್ಡಿಯೊಳಗೆ ಟವರ್ ಸಿಗಲಿಲ್ಲ. ಫೋನು ಎತ್ತಿಹಿಡಿದು ಸುತ್ತು ಹಾಕಿದ ಹುಡುಗರ ಮುಖ ನೋಡಬೇಕಿತ್ತು. ವಿಧಿಯಿಲ್ಲದೆ ಕಣ್ಣು ಬಿಟ್ಟು ನೋಡತೊಡಗಿದರು. ಕಾಂಡ್ಲಾ ಹುಡುಗ ಕೆಸರಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೊಗಸೆಯಷ್ಟು ನೀರಿನಲ್ಲಿದ್ದ ಕಪ್ಪೆಮರಿಗಳನ್ನು ಎಣಿಸಿ, “ಅಂಕಲ್, ಇವಕ್ಕೆ ಕಾಲು ಬರ್ತಿದೆ!” ಎಂದು ಕೂಗಿದ. ಎಮ್ಮೆಸ್ಸಿ ಮುಗಿಸುವ ಹೊತ್ತಿಗೆ ಅವನು ಹೇಳಿದ ಮೊದಲ ಸ್ವಂತ ವಾಕ್ಯ ಅದು. ಹುಡುಗ ದಡ್ಡನಲ್ಲ. ಕಪ್ಪೆ ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಕಪ್ಪೆಯ ಮೇಲೆ ಐನೂರು ಪದ ಬರೆ ಎಂದು ಎಲ್ಲರೂ ಹೇಳಿದ್ದರು.

ದಾರಿ ತೋರಿಸಿದವರು ಆ ಊರಿನ ಒಬ್ಬ ದಿನಗೂಲಿ ವಾಚರ್. ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ, ಸಿಂಗಳೀಕ ಯಾವ ದಾರಿಯಲ್ಲಿ ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತೇಜಸ್ವಿಯವರ 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಗೆ ಹಾರುವ ಓತಿಯ ಸುಳಿವು ಕೊಡುವವನು ಪದವಿಯಿಲ್ಲದ ಮಂದಣ್ಣ. ಅಲ್ಲಿ ವಿಜ್ಞಾನಿಯೇ ಮಂದಣ್ಣನ ಬೆನ್ನು ಹತ್ತಿ ಹೋಗುತ್ತಾರೆ. ಈಗಿನ ವರದಿಗಳಲ್ಲಿ ಮಂದಣ್ಣನಿಗೆ ಕೃತಜ್ಞತೆಯ ಪುಟದ ಕೊನೇ ಸಾಲು ಸಿಗುತ್ತದೆ, ಆ ಸಾಲನ್ನೂ ಚಾಟ್‌ಬಾಟೇ ಬರೆದಿರುತ್ತದೆ.

ಇಷ್ಟಾಗಿಯೂ ನೋಡಿದ್ದು ಯಾಕೆ ಯಾರಿಗೂ ಬೇಡ? ಉತ್ತರ ಕ್ಯಾಂಪಸ್ ಸಂದರ್ಶನದಲ್ಲಿ ಸಿಕ್ಕಿತು. ಪರಿಸರ ಎಮ್ಮೆಸ್ಸಿಗೆ ಕೆಲಸ ಕೊಡುವವರಲ್ಲಿ ಮುಖ್ಯರು ಪರಿಸರ ಪರಿಣಾಮ ವರದಿ ತಯಾರಿಸುವ ಕನ್ಸಲ್ಟೆನ್ಸಿಗಳು. ಗಣಿ, ಅಣೆಕಟ್ಟು, ಹೆದ್ದಾರಿಗೆ ಮಂಜೂರಾತಿ ಸಿಗಬೇಕಾದರೆ ಈ ವರದಿ ಬೇಕು. ವರದಿಗೆ ದುಡ್ಡು ಕೊಡುವವರು ಯೋಜನೆ ಮಾಡುವವರೇ. ಹಾಗಾಗಿ ವರದಿ ಇರಬೇಕು, ಕಾಡು ಅಡ್ಡ ಬರಬಾರದು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ಸ್ಪ್ರೂಸ್ ಕಾಡು, ಬರ್ಚ್ ಮರಗಳಿದ್ದವು. ಕೊಂಕಣದ ಗೇರು, ಮಾವುಗಳ ನಡುವೆ ಹಿಮದೇಶದ ಮರ ಹೇಗೆ ಬಂದವೆಂದು ನೋಡಿದರೆ, ರಷ್ಯಾದ ಗಣಿಯೊಂದರ ವರದಿಯಿಂದ ಪುಟಗಟ್ಟಲೆ ಎತ್ತಿಕೊಂಡಿದ್ದರು. ಇದು ಚಾಟ್‌ಬಾಟ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಕತೆ. ನಮ್ಮ ಹುಡುಗನ ಕಾಂಡ್ಲಾ ಕಾಡು ಈ ಪರಂಪರೆಯ ಹೆಮ್ಮೆಯ ಕುಡಿ. ಅವನಿಗೆ ಕೆಲಸವೂ ಸಿಕ್ಕಿತು. ಕೆರೆಗೆ ಹೋಗುವ ನನ್ನ ಅಭ್ಯಾಸ ಕೇಳಿ ಸಂದರ್ಶಕರು ನಕ್ಕು, “ನಮ್ಮಲ್ಲಿ ಟ್ರಾವೆಲ್ ಅಲೊವೆನ್ಸ್ ಇಲ್ಲ ಸಾರ್” ಎಂದರು.

ಮುಂದಿನದನ್ನು ಊಹಿಸಲು ಶಾನನ್ ಬೇಕಿಲ್ಲ. ಒಂದು ಯಂತ್ರ ವರದಿ ಬರೆಯುತ್ತದೆ, ಇನ್ನೊಂದು ಅದನ್ನು ಸಮಿತಿಗೆ ಎರಡು ಪುಟದಲ್ಲಿ ಸಂಗ್ರಹಿಸಿಕೊಡುತ್ತದೆ, ಮತ್ತೊಂದು ಗ್ರಾಮಸ್ಥರ ಆಕ್ಷೇಪಣೆಗಳಿಗೆ ಸೌಜನ್ಯದಿಂದ ಉತ್ತರಿಸುತ್ತದೆ. ಸಿಂಗಳೀಕಗಳ ಅಭಯಾರಣ್ಯವಾದ ಶರಾವತಿ ಕಣಿವೆಯಲ್ಲೇ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಓಡಾಟ ನಡೆದಿರುವ ಕಾಲವಿದು. ಬರೆಯುವ, ಓದುವ, ಒಪ್ಪುವ ಈ ಇಡೀ ಸರಪಳಿಯಲ್ಲಿ ಮನುಷ್ಯನ ಕೆಲಸ ಕೊನೆಯಲ್ಲಿ ಗರಗಸ ಹಿಡಿಯುವುದು.

ಆದಕಾರಣ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಿಶ್ವವಿದ್ಯಾಲಯಕ್ಕೆ ಒಂದು ಮನವಿ ಸಲ್ಲಿಸಿದ್ದೇನೆ. ಒಂದು: ಥಿಯರಿ ಪರೀಕ್ಷೆಯನ್ನು ಯಂತ್ರಗಳಿಗೇ ಬಿಟ್ಟುಕೊಡಿ. ಒಂದು ಪ್ರಶ್ನೆ ತೆಗೆಯಲಿ, ಒಂದು ಉತ್ತರಿಸಲಿ, ಒಂದು ತಿದ್ದಲಿ, ಘಟಿಕೋತ್ಸವಕ್ಕೆ ಮೂರನ್ನೂ ಗೌನು ಹಾಕಿ ಕೂರಿಸಿ. ಎರಡು: ಪ್ರತಿ ವಿದ್ಯಾರ್ಥಿಗೂ ಒಂದು ಗುಂಟೆ ಖರಾಬು ನೆಲ ಕೊಡಿ. ಗುಂಟೆಯೆಂದರೆ 1,089 ಚದರ ಅಡಿ, ಮೂವತ್ತು-ನಲವತ್ತರ ಸೈಟಿಗಿಂತ ಚಿಕ್ಕದು, ಹೆದರಬೇಡಿ. ಫೋನು ಕಚೇರಿಯಲ್ಲಿಟ್ಟು ವರ್ಷವಿಡೀ ಅಲ್ಲಿ ಯಾವ ಹುಲ್ಲು ಹುಟ್ಟಿತು, ಯಾವ ಇರುವೆ ಬಂತು, ಮೊದಲ ಮಳೆಗೆ ಏನಾಯಿತು ಎಂದು ಬರೆದಿಡಲಿ. ಮೂರು: ಅಂಕ ಕೊಡುವವರೂ ಅದೇ ಗುಂಟೆಗೆ ಬಂದು, ಬಗ್ಗಿ ನೋಡಿ, ತಾಳೆ ಹಾಕಿ ಅಂಕ ಕೊಡಲಿ.

ಮೂರನೆಯದಕ್ಕೆ ಅಧ್ಯಾಪಕರ ಸಂಘ ಒಪ್ಪುವುದಿಲ್ಲವೆಂದು ಗೊತ್ತು. ಎರಡನೆಯದಕ್ಕಾದರೂ ಬೇಗ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಜಾಗಕ್ಕೆ ದೂರ ಹೋಗಬೇಕಿಲ್ಲ, ನಮ್ಮ ವಿಭಾಗದ ಹಿಂದೆಯೇ ಕುರುಚಲು ಬೆಳೆದ ಎರಡು ಎಕರೆ ಖಾಲಿ ಬಿದ್ದಿದೆ. ನಾನೇ ಅಳೆದು ನೋಡಿದ್ದೇನೆ, 80 ವಿದ್ಯಾರ್ಥಿಗಳಿಗೆ ಸರಿಯಾಗಿ ಸಾಕು. ತಡವಾದರೆ ಕಷ್ಟ. ಕೃತಕ ಬುದ್ಧಿಮತ್ತೆ ಉತ್ಕೃಷ್ಟತಾ ಕೇಂದ್ರದ ಗುದ್ದಲಿಪೂಜೆಗೆಂದು ಅಲ್ಲಿ ಆಗಲೇ ಜೆಸಿಬಿ ಬಂದು ನಿಂತಿದೆ. ಕಟ್ಟಡಕ್ಕೆ ಪರಿಸರದಿಂದ ಯಾವ ಅಡ್ಡಿಯೂ ಇಲ್ಲವೆಂದು ವರದಿ ಬರೆದುಕೊಟ್ಟದ್ದು ನಮ್ಮದೇ ವಿಭಾಗ.